ಆಗಸ್ಟ್ 31ರ ರಾತ್ರಿ ಎಲ್ಲಿ ಮಲಗುತ್ತೀರಿ? ಬಾಸ್ಟನ್‌ಗೆ ಬರುವವರು, ಮನೆ ಬದಲಿಸುವವರು ಓದಿ

ಮಿಷನ್‌ಹಿಲ್_ಹಳಬ

ಪ್ರತಿ ವರ್ಷ ಜೂನ್ ಬಂತೆಂದರೆ ಇಲ್ಲಿ ಒಂದೇ ಥರದ ಪ್ರಶ್ನೆಗಳು. ರೂಮಿಗೆ ಬಾಡಿಗೆ ಎಷ್ಟು, ಟಿ (ಇಲ್ಲಿಯ ಮೆಟ್ರೋ) ಸ್ಟೇಷನ್ ಹತ್ತಿರ ಇದೆಯಾ, ರೂಮ್‌ಮೇಟ್ ವೆಜ್ಜಾ ನಾನ್‌ವೆಜ್ಜಾ. ಕೇಳಿ, ಬೇಡ ಅನ್ನುವುದಿಲ್ಲ. ಆದರೆ ಆಗಸ್ಟ್ 31ರ ರಾತ್ರಿ ಎಲ್ಲಿ ಮಲಗೋದು ಅಂತ ಒಬ್ಬರೂ ಕೇಳುವುದಿಲ್ಲ. ಆಮೇಲೆ 30ನೇ ತಾರೀಕು ಸಂಜೆ ಗ್ರೂಪ್‌ನಲ್ಲಿ ಅರ್ಜೆಂಟ್ ಅರ್ಜೆಂಟ್ ಅಂತ ಮೆಸೇಜ್ ಸುರಿಯುತ್ತವೆ.

ಹೊಸಬರಿಗೆ ಹೇಳಿಬಿಡುತ್ತೇನೆ. ಬಾಸ್ಟನ್, ಕೇಂಬ್ರಿಜ್, ಸಾಮರ್‌ವಿಲ್ ಕಡೆ ವಿದ್ಯಾರ್ಥಿಗಳು ಇರುವ ಬಹುಪಾಲು ಮನೆಗಳ ಲೀಸ್, ಅಂದರೆ ಬಾಡಿಗೆ ಕರಾರು, ಆಗಸ್ಟ್ 31ಕ್ಕೆ ಮುಗಿದು ಸೆಪ್ಟೆಂಬರ್ 1ಕ್ಕೆ ಶುರುವಾಗುತ್ತದೆ. ಹಳೇ ಮನೆಯನ್ನು 31ರ ಮಧ್ಯಾಹ್ನದ ಹೊತ್ತಿಗೇ ಬಿಡಿ ಅಂತ ಎಷ್ಟೋ ಲೀಸ್‌ಗಳಲ್ಲಿ ಬರೆದಿರುತ್ತದೆ. ಹೊಸ ಮನೆಯ ಕೀ ಸಿಗುವುದು ಮಾರನೇ ದಿನ. ನಡುವೆ ಒಂದು ರಾತ್ರಿ. ಆ ರಾತ್ರಿ ನೀವು ಎಲ್ಲಿ, ನಿಮ್ಮ ಹಾಸಿಗೆ ಎಲ್ಲಿ, ಕುಕ್ಕರ್ ಎಲ್ಲಿ? ಬಾಡಿಗೆ ಟ್ರಕ್ಕಿನ ಒಳಗೇ ಮಲಗುವವರಿದ್ದಾರೆ, ತಮಾಷೆಗೆ ಹೇಳುತ್ತಿಲ್ಲ.

ಯಾಕೆ ಹೀಗೆ ಅಂದರೆ, ಕಾಲೇಜುಗಳು. ಬಾಸ್ಟನ್ ಯೂನಿವರ್ಸಿಟಿ, ನಾರ್ತ್‌ಈಸ್ಟರ್ನ್, ಹಾರ್ವರ್ಡ್, ಎಂಐಟಿ, ಟಫ್ಟ್ಸ್, ಬಾಸ್ಟನ್ ಕಾಲೇಜ್, ಬರ್ಕ್ಲೀ, ಎಮರ್ಸನ್, ಸಫೋಕ್, ಎಲ್ಲವೂ ಟಿ ಹತ್ತಿದರೆ ಸಿಗುವಷ್ಟು ಹತ್ತಿರ. ಎಲ್ಲ ಕಡೆ ಕ್ಲಾಸು ಶುರುವಾಗುವುದು ಸೆಪ್ಟೆಂಬರ್ ಹೊತ್ತಿಗೆ. ಮನೆ ಓನರ್‌ಗಳಿಗೂ ಇದೇ ಬೇಕು. ಜನವರಿಯಲ್ಲಿ ಹಿಮ ಬೀಳುವಾಗ ಮನೆ ಖಾಲಿಯಾದರೆ ನೋಡಲು ಯಾರೂ ಬರುವುದಿಲ್ಲ. ಅದಕ್ಕೇ ನೀವು ಫೆಬ್ರವರಿಯಲ್ಲಿ ಬಂದರೂ ಏಪ್ರಿಲ್‌ನಲ್ಲಿ ಬಂದರೂ ಲೀಸ್‌ನ ಕೊನೇ ದಿನ ಮಾತ್ರ ಆಗಸ್ಟ್ 31 ಅಂತಲೇ ಬರೆದುಕೊಡುತ್ತಾರೆ. ಮತ್ತೆ ಎಲ್ಲರ ಜೊತೆ ಅದೇ ದಿನ ಬೀದಿಗೆ.

ಹಾಗಾಗಿ ನನ್ನ ಮಾತು ಇಷ್ಟೇ. ಮೊದಲು ಆ ಒಂದು ರಾತ್ರಿ ಇತ್ಯರ್ಥ ಮಾಡಿಕೊಳ್ಳಿ, ಸೋಫಾ ಬಣ್ಣ ಆಮೇಲೆ ನೋಡಿ. ಹೊಸ ಓನರ್‌ಗೆ ಈಗಲೇ ಮೇಲ್ ಹಾಕಿ, ಒಂದು ದಿನ ಮುಂಚೆ ಕೀ ಕೊಡುತ್ತೀರಾ, ಅದಕ್ಕೆ ದುಡ್ಡು ಬೇಕಾದರೆ ಎಷ್ಟು ಅಂತ. ಹೂಂ ಅಂದರೆ ಬರಹದಲ್ಲಿ ತೆಗೆದುಕೊಳ್ಳಿ. ಆಗಲ್ಲ ಅಂದರೆ ನಿಮ್ಮ ಪರಿಚಯದವರಲ್ಲಿ ಲೀಸ್ ಮುಂದುವರಿಸಿದವರು ಯಾರು ಅಂತ ಹುಡುಕಿ. ಆ ವಾರ ಈ ಊರಲ್ಲಿ ಅವರೇ ಮಹಾರಾಜರು. ಅವರ ಹಾಲ್‌ನಲ್ಲಿ ಒಂದು ಚಾಪೆ ಜಾಗ ಜುಲೈನಲ್ಲೇ ಬುಕ್ ಮಾಡಿಕೊಳ್ಳಿ.

ದಾವಣಗೆರೆ_ಬೆಣ್ಣೆ

ಅಣ್ಣ, ಓದಿ ಹೊಟ್ಟೆಯಲ್ಲಿ ತಳಮಳ ಶುರುವಾಯಿತು. ನಾನು ಈ ಫಾಲ್‌ಗೆ (ಸೆಪ್ಟೆಂಬರ್ ಸೆಮಿಸ್ಟರ್‌ಗೆ) ಬರುತ್ತಿದ್ದೇನೆ, ಎಂಎಸ್. ಟಿಕೆಟ್ ಆಗಸ್ಟ್ ಮಧ್ಯಕ್ಕೆ ಆಗಿದೆ, ಮನೆ ಸೆಪ್ಟೆಂಬರ್ 1ರಿಂದ. ಅಂದರೆ ನನಗೆ ಒಂದು ರಾತ್ರಿ ಅಲ್ಲ, ಹದಿನೈದು ರಾತ್ರಿ ಸಮಸ್ಯೆ! ಸೀನಿಯರ್ ಒಬ್ಬರು ಹಾಲ್‌ನಲ್ಲಿ ಮಲಗು ಅಂದಿದ್ದಾರೆ. ಆದರೆ ಅವರ ಲೀಸ್ ಕೂಡ 31ಕ್ಕೇ ಮುಗಿಯುತ್ತದಂತೆ.

ಇನ್ನೊಂದು. ವಾಟ್ಸಾಪ್ ಗ್ರೂಪ್‌ನಲ್ಲಿ ಒಬ್ಬರು ಫೆನ್‌ವೇ ಹತ್ತಿರ ಮನೆ ಇದೆ, ಫೋಟೋ ತುಂಬಾ ಚೆನ್ನಾಗಿದೆ, ಬಾಡಿಗೆಯೂ ಕಡಿಮೆ, ಇವತ್ತೇ ಡೆಪಾಸಿಟ್ ಹಾಕಿದರೆ ಬೇರೆಯವರಿಗೆ ಕೊಡಲ್ಲ ಅಂತಿದ್ದಾರೆ. ಅವರು ಊರಲ್ಲಿ ಇಲ್ಲವಂತೆ, ಕೀ ಕೊರಿಯರ್ ಮಾಡುತ್ತಾರಂತೆ. ಅಪ್ಪ ದುಡ್ಡು ಕಳಿಸಲಾ ಅಂತ ಕೇಳುತ್ತಿದ್ದಾರೆ. ಕಳಿಸಬಹುದಾ?

ಬ್ರೈಟನ್_ಅಕ್ಕ

ಕಳಿಸಬೇಡ! ಅಪ್ಪನಿಗೆ ಈಗಲೇ ಫೋನ್ ಮಾಡಿ ಹೇಳು. ಬಾಡಿಗೆ ಕಡಿಮೆ, ಓನರ್ ಊರಲ್ಲಿಲ್ಲ, ಕೀ ಕೊರಿಯರ್, ಇವತ್ತೇ ದುಡ್ಡು. ಈ ನಾಲ್ಕೂ ಒಟ್ಟಿಗೆ ಬಂದರೆ ಅಲ್ಲಿ ಮನೆಯೇ ಇರುವುದಿಲ್ಲ, ಇದ್ದರೂ ಅವನದ್ದಾಗಿರುವುದಿಲ್ಲ. ಫೆನ್‌ವೇಯಲ್ಲಿ ಕಡಿಮೆ ಬಾಡಿಗೆಯಂತೆ, ಕೇಳಿದರೇ ನಗು ಬರುತ್ತದೆ.

ವಿಳಾಸ ಕೇಳು. ಬಾಸ್ಟನ್ ಪಾಲಿಕೆಯ ಆಸ್ತಿ ತೆರಿಗೆ ವೆಬ್‌ಸೈಟ್‌ನಲ್ಲಿ ವಿಳಾಸ ಹಾಕಿದರೆ ಮಾಲೀಕರ ಹೆಸರು ಬರುತ್ತದೆ, ಪುಕ್ಕಟೆ. ಹೆಸರು ತಾಳೆ ಆಗಲಿಲ್ಲ ಅಂದರೆ ಬ್ಲಾಕ್ ಮಾಡು. ಇಲ್ಲಿರುವ ಯಾರನ್ನಾದರೂ ಕಳಿಸಿ ಲೈವ್ ವಿಡಿಯೋದಲ್ಲಿ ಮನೆ ನೋಡು. ನಲ್ಲಿ ಬಿಡಿಸು, ಒಲೆ ಹಚ್ಚಿಸು, ಕಿಟಕಿ ತೆಗೆಸು. ಫೋಟೋ ಯಾರು ಬೇಕಾದರೂ ಕದಿಯಬಹುದು.

ದುಡ್ಡಿನ ವಿಷಯ ಇಲ್ಲಿ ಕಾನೂನು ನಿನ್ನ ಪರವಾಗಿದೆ, ತಿಳಿದುಕೋ. ಮ್ಯಾಸಚೂಸೆಟ್ಸ್‌ನಲ್ಲಿ ಮನೆಗೆ ಸೇರುವಾಗ ಓನರ್ ಕೇಳಬಹುದಾದ್ದು ಮೊದಲ ತಿಂಗಳ ಬಾಡಿಗೆ, ಕೊನೇ ತಿಂಗಳ ಬಾಡಿಗೆ, ಒಂದು ತಿಂಗಳ ಬಾಡಿಗೆಗೆ ಮೀರದ ಡೆಪಾಸಿಟ್, ಬೀಗ ಬದಲಿಸಿದ ಖರ್ಚು. ಅಷ್ಟೇ. ಆ ಡೆಪಾಸಿಟ್ಟನ್ನು ಅವರು ಇದೇ ರಾಜ್ಯದ ಬ್ಯಾಂಕಿನಲ್ಲಿ, ಬಡ್ಡಿ ಬರುವ ಬೇರೆ ಖಾತೆಯಲ್ಲಿ ಇಡಬೇಕು. ಯಾವ ಬ್ಯಾಂಕು, ಯಾವ ಖಾತೆ ಅಂತ 30 ದಿನದೊಳಗೆ ರಸೀದಿ ಕೊಡಬೇಕು. ಮನೆ ಬಿಟ್ಟ ಮೇಲೂ 30 ದಿನದೊಳಗೆ ವಾಪಸ್ ಕೊಡಬೇಕು, ಹಿಡಿದುಕೊಂಡರೆ ಯಾತಕ್ಕೆ ಎಷ್ಟು ಅಂತ ಲೆಕ್ಕ ಕೊಡಬೇಕು. ತಪ್ಪಿಸಿದರೆ ಕೋರ್ಟಿನಲ್ಲಿ ಮೂರು ಪಟ್ಟು ಕಟ್ಟುವ ಪರಿಸ್ಥಿತಿಯೂ ಬರಬಹುದು.

ಬ್ರೋಕರ್ ಫೀ ಬಗ್ಗೆ ಸೀನಿಯರ್‌ಗಳು ಹೇಳುವುದು ಹಳೇ ಕಥೆ. ಮೊದಲು ಓನರ್ ಇಟ್ಟುಕೊಂಡ ಬ್ರೋಕರ್‌ಗೂ ನಾವೇ ಒಂದು ತಿಂಗಳ ಬಾಡಿಗೆ ಕೊಡುತ್ತಿದ್ದೆವು, ಎಂಥ ಅನ್ಯಾಯ ಅಲ್ವಾ. 2025ರ ಆಗಸ್ಟ್ 1ರಿಂದ ಕಾನೂನು ಬದಲಾಗಿದೆ. ಬ್ರೋಕರನ್ನು ಯಾರು ಗೊತ್ತು ಮಾಡಿದರೋ ಅವರೇ ಫೀ ಕೊಡಬೇಕು. ಆದರೂ "ನೀನೇ ನನ್ನನ್ನು ಗೊತ್ತು ಮಾಡಿದೆ" ಅಂತ ಬರೆದ ಒಂದು ಕಾಗದಕ್ಕೆ ಮೆತ್ತಗೆ ಸಹಿ ಹಾಕಿಸಿಕೊಳ್ಳಲು ನೋಡುವವರಿದ್ದಾರೆ. ಓದದೆ ಸಹಿ ಹಾಕಬೇಡ.

ದಾವಣಗೆರೆ_ಬೆಣ್ಣೆ

ಅಕ್ಕ, ವಿಳಾಸ ಕೇಳಿದೆ. ಗ್ರೂಪ್ ಬಿಟ್ಟು ಹೋದ.

ಬ್ರೈಟನ್_ಅಕ್ಕ

ಒಳ್ಳೇದಾಯಿತು ಬಿಡು.

ಹುಬ್ಬಳ್ಳಿ_ಗಾಡಿ

ಮನೆ, ಡೆಪಾಸಿಟ್ ಎಲ್ಲ ಸರಿ ರೀ. ಗಾಡಿ ಬಗ್ಗೆ ಯಾರೂ ಬರೆದಿಲ್ಲವಲ್ಲ. ನಾನು ಪ್ರತಿ ವರ್ಷ ನಮ್ಮ ಹುಡುಗರಿಗೆ ಟ್ರಕ್ ಓಡಿಸಿಕೊಡುತ್ತೇನೆ, ಅದಕ್ಕೇ ಹೇಳುತ್ತಿದ್ದೇನೆ. ಸ್ಟಾರೋ ಡ್ರೈವ್ ಅಂತ ಒಂದು ರಸ್ತೆ ಇದೆ, ಚಾರ್ಲ್ಸ್ ನದಿ ಪಕ್ಕ ಹೋಗುತ್ತದೆ. ಫೋನಿನ ಮ್ಯಾಪ್ ನಿಮ್ಮನ್ನು ಖುಷಿಯಾಗಿ ಅಲ್ಲಿಗೇ ಕರೆದುಕೊಂಡು ಹೋಗುತ್ತದೆ. ಯಾಕೆಂದರೆ ನೀವು ಟ್ರಕ್ಕಿನಲ್ಲಿ ಕೂತಿದ್ದೀರಿ ಅಂತ ಅದಕ್ಕೆ ಗೊತ್ತಿಲ್ಲ. ಅಲ್ಲಿ ಸೇತುವೆಗಳು ತಗ್ಗು, ಕೆಲವು ಕಡೆ 10 ಅಡಿ ಅಷ್ಟೇ. ನದಿಯ ಆಚೆ ಕೇಂಬ್ರಿಜ್ ಕಡೆಯ ಮೆಮೋರಿಯಲ್ ಡ್ರೈವ್‌ನಲ್ಲೂ ಇದೇ ಕಾಟ. ಬಾಡಿಗೆಗೆ ಟ್ರಕ್ ಕೊಡುವ ಯು-ಹಾಲ್ ಕಂಪನಿಯ 15 ಅಡಿ ಉದ್ದದ ಟ್ರಕ್ ಸುಮಾರು 12 ಅಡಿ ಎತ್ತರ ಇರುತ್ತದೆ. ಲೆಕ್ಕ ನೀವೇ ಹಾಕಿಕೊಳ್ಳಿ.

ಒಳಗೆ ಹೋಗುವ ಮುಂಚೆ ಎಚ್ಚರಿಕೆ ಇಲ್ಲ ಅಂತಲ್ಲ. "ಕಾರುಗಳಿಗೆ ಮಾತ್ರ" ಅಂತ ದೊಡ್ಡ ಬೋರ್ಡುಗಳಿವೆ, ಎತ್ತರದ ಗಾಡಿಯ ನೆತ್ತಿಗೆ ಬಡಿಯಲಿ ಅಂತಲೇ ಮೇಲಿಂದ ರಬ್ಬರ್ ಬೋರ್ಡ್ ಇಳಿಬಿಟ್ಟಿದ್ದಾರೆ. ಆದರೂ ಪ್ರತಿ ವರ್ಷ ಯಾರಾದರೂ ಹೋಗಿ ಸಿಕ್ಕಿಹಾಕಿಕೊಳ್ಳುತ್ತಾರೆ. ಒಂದು ಸಲ ಪಕ್ಕದ ಕಾಲುದಾರಿಯಿಂದ ನೋಡಿದ್ದೇನೆ. ಟ್ರಕ್ಕಿನ ತಗಡಿನ ಚಾವಣಿ ಹಿಂದಕ್ಕೆ ಸುರುಳಿ ಸುತ್ತಿಕೊಂಡಿತ್ತು. ಒಳಗಿನ ಒಂದು ಹಳದಿ ಟೇಬಲ್ ಲ್ಯಾಂಪ್ ನೆಟ್ಟಗೆ ನಿಂತೇ ಇತ್ತು, ಅದರ ಶೇಡ್ ಕೂಡ ಅಲ್ಲಾಡಿರಲಿಲ್ಲ. ಆ ಹುಡುಗ ಫುಟ್‌ಪಾತ್ ಮೇಲೆ ಕೂತು ಅಮ್ಮನಿಗೆ ಫೋನ್ ಮಾಡುತ್ತಿದ್ದ, ಹಿಂದೆ ಅರ್ಧ ಊರಿನ ಟ್ರಾಫಿಕ್ಕು. ಟ್ರಕ್ ಬಾಡಿಗೆಯ ಸಾದಾ ವಿಮೆಯಲ್ಲಿ ಸಾಮಾನ್ಯವಾಗಿ ಹೀಗೆ ಮೇಲೆ ತಗುಲಿದ ಹಾನಿ ಸೇರಿರುವುದಿಲ್ಲ. ಸಹಿ ಹಾಕುವ ಮುಂಚೆ ಆ ಸಾಲು ಹುಡುಕಿ ಓದಿ.

ಮಿಷನ್ ಹಿಲ್‌ನಿಂದ ಆಲ್ಸ್ಟನ್‌ಗೆ ಹೋಗುವವರು ಹಂಟಿಂಗ್ಟನ್ ಹಿಡಿದು ಬ್ರೂಕ್‌ಲೈನ್ ಒಳಗೆ ಹಾರ್ವರ್ಡ್ ಸ್ಟ್ರೀಟ್ ಹಿಡಿಯಿರಿ. ನಿಧಾನ, ಆದರೆ ಚಾವಣಿ ಉಳಿಯುತ್ತದೆ.

ಪಾರ್ಕಿಂಗ್ ಪರ್ಮಿಟ್ ಕೂಡ ಮುಂಚೆಯೇ ಮಾಡಿಸಿ. ಪಾಲಿಕೆಯಿಂದ ಪರ್ಮಿಟ್ ಪಡೆದು, ಮನೆ ಮುಂದೆ ಬೋರ್ಡನ್ನು 48 ಗಂಟೆ ಮೊದಲೇ ಕಟ್ಟಬೇಕು. ಆಲ್ಸ್ಟನ್‌ನ ಗಲ್ಲಿಗಳಲ್ಲಿ ಆ ದಿನ ಪರ್ಮಿಟ್ ಇಲ್ಲದ ಟ್ರಕ್ ಎಲ್ಲಿ ನಿಲ್ಲಿಸುತ್ತೀರಿ? ಡಬಲ್ ಪಾರ್ಕ್ ಮಾಡಿದರೆ ಹಿಂದಿನವನು ಬಾಯಿಗೆ ಬಂದಂತೆ ಬಯ್ಯುತ್ತಾನೆ, ಬಯ್ಯಲೇಬೇಕು.

ಪುತ್ತೂರು_ಪೋರ

ಎಲ್ಲರೂ ಹೆದರಿಸುವುದೇ ಆಯಿತು ಮಾರಾಯ್ರೇ. ಒಳ್ಳೇದೂ ಹೇಳಿ. ಆ ವಾರ ಆಲ್ಸ್ಟನ್‌ನಲ್ಲಿ ನಡೆದರೆ ಇಡೀ ಮನೆಗೆ ಬೇಕಾದ ಸಾಮಾನು ಬೀದಿಯಲ್ಲೇ ಸಿಗುತ್ತದೆ. ಊರವರು ಅದಕ್ಕೆ ಆಲ್ಸ್ಟನ್ ಕ್ರಿಸ್‌ಮಸ್ ಅಂತ ಹೆಸರೇ ಇಟ್ಟಿದ್ದಾರೆ. ಬ್ರೈಟನ್ ಅವೆನ್ಯೂ ಸುತ್ತಮುತ್ತ, ಲಿಂಡೆನ್ ಸ್ಟ್ರೀಟ್, ಗಾರ್ಡ್ನರ್ ಸ್ಟ್ರೀಟ್ ಕಡೆ ಜಾತ್ರೆ ಮುಗಿದ ಮಾರನೇ ದಿನದ ಗದ್ದೆ ಥರ ಇರುತ್ತದೆ. ನನ್ನ ಓದುವ ಮೇಜು, ತಿರುಗುವ ಕುರ್ಚಿ, ಪುಸ್ತಕದ ಕಪಾಟು, ಸ್ಟೀಲ್ ರ‍್ಯಾಕ್ ಎಲ್ಲ ಹಾಗೇ ಬಂದದ್ದು. ರ‍್ಯಾಕಿನಲ್ಲಿ ಈಗ ಕುಚಲಕ್ಕಿ ಮೂಟೆ ಕೂತಿದೆ.

ನಮ್ಮವರು ಬಿಟ್ಟುಹೋಗುವ ಸಾಮಾನಿನ ಮೇಲೂ ಕಣ್ಣಿಡಿ. ಕೋರ್ಸ್ ಮುಗಿಸಿ ಬೇರೆ ಊರಿಗೆ ಕೆಲಸಕ್ಕೆ ಹೋಗುವ ಸೀನಿಯರ್‌ಗಳು ಕುಕ್ಕರ್, ಇಡ್ಲಿ ಸ್ಟ್ಯಾಂಡ್, ಅರ್ಧ ಡಬ್ಬಿ ಸಾರಿನ ಪುಡಿ, ಎಲ್ಲ ಪುಕ್ಕಟೆ ಕೊಡುತ್ತಾರೆ. ಒಂದೇ ಕಿವಿಮಾತು, ಊರಿಂದ ತಂದ ಮಿಕ್ಸಿ ಕೊಟ್ಟರೆ ಬೇಡ ಅನ್ನಿ. ನಮ್ಮದು 230 ವೋಲ್ಟ್, ಇಲ್ಲಿಯದು 120. ಪ್ಲಗ್ ಬದಲಿಸಿದರೆ ಸಾಕು ಅಂತ ಅವರು ಹೇಳುತ್ತಾರೆ. ತಿರುಗುತ್ತದೆ, ಆದರೆ ಚಟ್ನಿ ಆಗುವುದಿಲ್ಲ.

ಬ್ರೈಟನ್_ಅಕ್ಕ

ಮೇಜು ಕುರ್ಚಿ ತಗೋ, ಬೇಡ ಅನ್ನಲ್ಲ. ಹಾಸಿಗೆ, ಸೋಫಾ, ಬಟ್ಟೆ ಹೊದಿಸಿದ ಯಾವುದೇ ಕುರ್ಚಿ ಮುಟ್ಟಬೇಡ. ತಿಗಣೆ. ಒಂದು ಸಲ ಮನೆಗೆ ಬಂದರೆ ಪುಕ್ಕಟೆ ಸೋಫಾಗೆ ನೂರಾರು ಡಾಲರ್ ಸುರಿಯಬೇಕು, ಎಲ್ಲ ಬಟ್ಟೆ ಬಿಸಿ ಡ್ರೈಯರ್‌ಗೆ ಹಾಕಬೇಕು, ರೂಮ್‌ಮೇಟ್‌ಗಳ ಜೊತೆ ಜಗಳ ಬೇರೆ. ಪಾಲಿಕೆಯವರು ಬೀದಿಯಲ್ಲಿ ಬಿದ್ದ ಹಾಸಿಗೆಗಳ ಮೇಲೆ ತಿಗಣೆ ಎಚ್ಚರಿಕೆಯ ಸ್ಟಿಕ್ಕರ್ ಅಂಟಿಸುತ್ತಾರೆ. ಸ್ಟಿಕ್ಕರ್ ಕಿತ್ತುಹಾಕಿ ಹೊತ್ತುಕೊಂಡು ಹೋಗುವ ಪುಣ್ಯಾತ್ಮರನ್ನೂ ನೋಡಿದ್ದೇನೆ. ಮರದ ಸಾಮಾನನ್ನೂ ಸ್ಕ್ರೂ ತೂತು, ಸಂದಿ, ಡ್ರಾಯರ್ ಅಡಿ ಟಾರ್ಚ್ ಹಾಕಿ ನೋಡು. ಕಪ್ಪು ಚುಕ್ಕೆ ಕಂಡರೆ ಅಲ್ಲೇ ಬಿಟ್ಟುಬಿಡು.

ಬಿಸಾಕುವವರಿಗೂ ಒಂದು ಮಾತು. 2022ರ ನವೆಂಬರ್ 1ರಿಂದ ಈ ರಾಜ್ಯದಲ್ಲಿ ಹಾಸಿಗೆಯನ್ನು ಕಸಕ್ಕೆ ಹಾಕುವಂತಿಲ್ಲ, ಹಳೇ ಬಟ್ಟೆಯನ್ನೂ ಹಾಕುವಂತಿಲ್ಲ. ಪಾಲಿಕೆಗೆ ಮುಂಚೆಯೇ ಹೇಳಿ ದಿನ ಗೊತ್ತು ಮಾಡಿಕೊಂಡರೆ ಬಂದು ತೆಗೆದುಕೊಂಡು ಹೋಗುತ್ತಾರೆ. 31ರ ರಾತ್ರಿ ಸುಮ್ನೆ ಫುಟ್‌ಪಾತ್‌ಗೆ ಎಳೆದು ಹಾಕಿ ಓಡಿಹೋಗಬೇಡಿ. ತಳ್ಳುಗಾಡಿಯಲ್ಲಿ ಮಗು ಕೂರಿಸಿಕೊಂಡು ಹೋಗುವವರು ರಸ್ತೆಗೆ ಇಳಿಯಬೇಕಾಗುತ್ತದೆ.

ಸಾಮರ್‌ವಿಲ್_ಸಂಸಾರಿ

ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ನಾವು ಇಲ್ಲಿ ಕುಟುಂಬ ಸಮೇತ ಇರುವವರು. ಸೆಪ್ಟೆಂಬರ್ 1ಕ್ಕೆ ನಮಗೆ ಹೊರಗೆ ಹೋಗಲೂ ಆಗಲ್ಲ, ಒಳಗೆ ಬರಲೂ ಆಗಲ್ಲ. ಮನೆ ಮುಂದೆ ಟ್ರಕ್, ಮೆಟ್ಟಿಲ ಮೇಲೆ ಪೆಟ್ಟಿಗೆ, ರಾತ್ರಿ ಎರಡು ಗಂಟೆಗೆ ಮಂಚ ಎಳೆಯುವ ಸದ್ದು. ಬೇಜಾರು ಮಾಡಿಕೊಳ್ಳಬೇಡಿ, ಆದರೆ ಬಾಡಿಗೆ ಈ ಮಟ್ಟಕ್ಕೆ ಏರಿರುವುದಕ್ಕೆ ವಿದ್ಯಾರ್ಥಿಗಳೂ ಕಾರಣ. ಮೂರು ಬೆಡ್‌ರೂಮಿನ ಮನೆಗೆ ಆರೇಳು ಜನ ಸೇರಿ ಬಾಡಿಗೆ ಹಂಚಿಕೊಳ್ಳುತ್ತೀರಿ. ಒಂದೇ ಸಂಬಳದ ಸಂಸಾರ ಅದಕ್ಕೆ ಪೈಪೋಟಿ ಕೊಡೋದು ಹೇಗೆ? ಮೇಲಿನ ಮಹಡಿಯಲ್ಲಿದ್ದ ವಯಸ್ಸಾದ ದಂಪತಿ ಬಿಟ್ಟು ಹೋದರು, ಓನರ್ ಈಗ ಅಲ್ಲಿ ಹಾಲನ್ನೂ ಬೆಡ್‌ರೂಮ್ ಮಾಡಿದ್ದಾನೆ.

ಮಿಷನ್‌ಹಿಲ್_ಹಳಬ

ಸರ್, ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ಬೈಯುವುದಾದರೆ ಸರಿಯಾದವರಿಗೆ ಬೈಯಿರಿ. ಯೂನಿವರ್ಸಿಟಿಗಳು ಎಂಎಸ್‌ಗೆ ಸಾವಿರಗಟ್ಟಲೆ ಹುಡುಗರನ್ನು ಸೇರಿಸಿಕೊಳ್ಳುತ್ತವೆ, ಅವರಿಗೆ ಹಾಸ್ಟೆಲ್ ಮಾತ್ರ ಕಟ್ಟುವುದಿಲ್ಲ. ಇರುವ ಹಾಸ್ಟೆಲ್ ಹೆಚ್ಚಾಗಿ ಬ್ಯಾಚುಲರ್ಸ್ ಡಿಗ್ರಿ ಮಾಡುವವರಿಗೆ. ಸಾಲ ಮಾಡಿ ಬಂದ ಹುಡುಗ ಎಲ್ಲಿಗೆ ಹೋಗಬೇಕು? ಏಳು ಜನ ಒಂದು ಮನೆಯಲ್ಲಿ ಇರೋದು ಅವನಿಗೇನು ಖುಷಿಯಾ?

ಹಾಗಂತ ಆ ಏಳು ಜನದ ವಿಷಯ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ಒಂದು ಮನೆಯಲ್ಲಿ ಪೂರ್ಣಾವಧಿ ಬ್ಯಾಚುಲರ್ಸ್ ವಿದ್ಯಾರ್ಥಿಗಳು ನಾಲ್ಕಕ್ಕಿಂತ ಜಾಸ್ತಿ ಇರಬಾರದು ಅಂತ ಬಾಸ್ಟನ್ 2008ರಲ್ಲೇ ನಿಯಮ ಮಾಡಿದೆ. ಎಂಎಸ್‌ನವರಿಗೆ ಆ ನಿಯಮ ಇಲ್ಲ ಅಂತ ನಮ್ಮವರು ಕುಣಿಯುತ್ತಾರೆ. ಬೆಂಕಿಗೆ ನೀವು ಯಾವ ಡಿಗ್ರಿ ಅಂತ ಗೊತ್ತಾಗುವುದಿಲ್ಲ. 2013ರ ಏಪ್ರಿಲ್‌ನಲ್ಲಿ ಆಲ್ಸ್ಟನ್‌ನ ಒಂದು ಮನೆಗೆ ಬೆಂಕಿ ಬಿದ್ದು ಬಾಸ್ಟನ್ ಯೂನಿವರ್ಸಿಟಿಯ ವಿದ್ಯಾರ್ಥಿನಿ ತೀರಿಕೊಂಡಳು. ಆ ಮನೆಯಲ್ಲಿ ಇರಬೇಕಾದ್ದಕ್ಕಿಂತ ಹೆಚ್ಚು ಜನ ಇದ್ದರು. ಅವಳ ರೂಮು ಅಟ್ಟದಲ್ಲಿತ್ತು.

ಅದಕ್ಕೇ ಮನೆ ನೋಡುವಾಗ ಒಲೆಗಿಂತ ಮೊದಲು ಬಾಗಿಲು ನೋಡಿ. ಹೊರಗೆ ಹೋಗಲು ಎರಡು ದಾರಿ ಇದೆಯಾ? ಹಿಂದಿನ ಮೆಟ್ಟಿಲಿನ ಮೇಲೆ ಸೈಕಲ್, ಗ್ರಿಲ್ ತುಂಬಿಟ್ಟಿದ್ದಾರಾ? ಸ್ಮೋಕ್ ಅಲಾರ್ಮ್ ಕೆಲಸ ಮಾಡುತ್ತದಾ? ಒಗ್ಗರಣೆ ಹಾಕಿದಾಗಲೆಲ್ಲ ಕೂಗುತ್ತದೆ ಅಂತ ಬ್ಯಾಟರಿ ತೆಗೆದಿಟ್ಟಿರುವ ಮನೆ ನಮ್ಮವರಲ್ಲೇ ಎಷ್ಟೋ ಇವೆ. ಕಿಟಕಿ ತೆಗೆದು ಒಗ್ಗರಣೆ ಹಾಕಿ, ಇಲ್ಲ ಫ್ಯಾನ್ ಇಡಿ, ಬ್ಯಾಟರಿ ಮುಟ್ಟಬೇಡಿ. ಬೇಸ್‌ಮೆಂಟ್‌ನಲ್ಲಿ ಕಿಟಕಿ ಇಲ್ಲದ ರೂಮು ಸಸ್ತಾ ಅಂತ ಕೊಟ್ಟರೆ ಬೇಡ.

ಸೆಪ್ಟೆಂಬರ್ 1ರ ಆಸುಪಾಸು ಪಾಲಿಕೆಯ ಇನ್‌ಸ್ಪೆಕ್ಟರ್‌ಗಳು ಆಲ್ಸ್ಟನ್, ಬ್ರೈಟನ್, ಫೆನ್‌ವೇ, ಮಿಷನ್ ಹಿಲ್ ಬೀದಿಗಳಲ್ಲೇ ಓಡಾಡುತ್ತಿರುತ್ತಾರೆ. ಮನೆಯಲ್ಲಿ ಇಲಿ, ಸೋರುವ ಚಾವಣಿ, ಮುರಿದ ಬಾಗಿಲು ಏನೇ ಇದ್ದರೂ ಪಾಲಿಕೆಯ ದೂರಿನ ನಂಬರ್ 311ಕ್ಕೆ ಫೋನ್ ಮಾಡಿ ಕರೆಸಿ. ದೂರು ಕೊಟ್ಟರೆ ವೀಸಾಗೆ ತೊಂದರೆ ಅಂತ ಯಾರೋ ಹಬ್ಬಿಸಿದ್ದಾರೆ. ಮನೆ ಸೋರುತ್ತದೆ ಅಂತ ಹೇಳುವುದಕ್ಕೂ ವೀಸಾಗೂ ಯಾವ ನಂಟು ರೀ?

ಸಾಮರ್‌ವಿಲ್_ಸಂಸಾರಿ

ಯೂನಿವರ್ಸಿಟಿ ಬಗ್ಗೆ ಹೇಳಿದ್ದು ಒಪ್ಪುತ್ತೇನೆ. ರಾತ್ರಿ ಎರಡು ಗಂಟೆ ಮಂಚದ ಬಗ್ಗೆ ಒಪ್ಪುವುದಿಲ್ಲ.

ಮಾಂಟ್ರಿಯಲ್_ಮಲೆನಾಡು

ನಮ್ಮಲ್ಲಿ ಇದೇ ಕಥೆ ಜುಲೈ 1ಕ್ಕೆ. ಕ್ವಿಬೆಕ್‌ನಲ್ಲಿ ಹೆಚ್ಚಿನ ಲೀಸ್ ಜೂನ್ 30ಕ್ಕೆ ಮುಗಿಯುತ್ತವೆ. ಆ ಜುಲೈ 1 ಕೆನಡಾ ಡೇ ಕೂಡ. ಉಳಿದ ದೇಶ ಪಟಾಕಿ ಹೊಡೆಯುವಾಗ ನಮ್ಮೂರು ಫ್ರಿಜ್ ಹೊರುತ್ತಿರುತ್ತದೆ. ಇಲ್ಲಿ ಮೆಟ್ಟಿಲುಗಳು ಮನೆಯ ಹೊರಗೆ, ಅದೂ ಸುರುಳಿಯಾಗಿ. ನಿಮ್ಮದು ಎಷ್ಟೋ ವಾಸಿ, ಅಳಬೇಡಿ.

ಹುಬ್ಬಳ್ಳಿ_ಗಾಡಿ

ನಮ್ಮ ಮೆಟ್ಟಿಲು ನೋಡಿಲ್ಲ ನೀವು. ಇಲ್ಲಿಯ ತ್ರಿಬಲ್ ಡೆಕ್ಕರ್ ಅಂದರೆ ಮೂರು ಮಹಡಿಯ ಹಳೇ ಮರದ ಮನೆ, ಒಬ್ಬ ಮನುಷ್ಯ ಸೂಟ್‌ಕೇಸ್ ಹಿಡಿದು ಹತ್ತಿದರೆ ಇನ್ನೊಬ್ಬ ಇಳಿಯುವ ಹಾಗಿಲ್ಲ. ಎರಡನೇ ತಿರುವಿನಲ್ಲಿ ಕ್ವೀನ್ ಸೈಜ್ ಬಾಕ್ಸ್ ಸ್ಪ್ರಿಂಗ್ (ಹಾಸಿಗೆ ಅಡಿಗೆ ಇಡುವ ಸ್ಪ್ರಿಂಗ್ ಚೌಕಟ್ಟು) ಸಿಕ್ಕಿಕೊಂಡಿತು ಅಂದರೆ ಮುಗಿಯಿತು, ಮೇಲಕ್ಕೂ ಹೋಗಲ್ಲ ಕೆಳಕ್ಕೂ ಬರಲ್ಲ. ಮೇಲಿದ್ದವನು ಎಳಿ ಅಂತಾನೆ, ಕೆಳಗಿದ್ದವನು ತಳ್ಳಲಾ ಅಂತಾನೆ, ನಡುವೆ ಗೋಡೆಯ ಬಣ್ಣ ಕೆತ್ತಿ ಬರುತ್ತದೆ. ಕ್ವೀನ್ ಬೇಕೇ ಬೇಕಾದರೆ ಎರಡು ತುಂಡಾಗಿ ಬರುವ ಬಾಕ್ಸ್ ಸ್ಪ್ರಿಂಗ್ ತೆಗೆದುಕೊಳ್ಳಿ. ಇಲ್ಲವಾದರೆ ಸುತ್ತಿ ಪೆಟ್ಟಿಗೆಯಲ್ಲಿ ಬರುವ ಫೋಮ್ ಹಾಸಿಗೆ ಒಳ್ಳೇದು. ಮೇಜಿನ ಕಾಲು ಬಿಚ್ಚಿ. ಬಿಚ್ಚಿದ ಸ್ಕ್ರೂಗಳನ್ನು ಕವರಿಗೆ ಹಾಕಿ ಅದೇ ಮೇಜಿನ ಅಡಿಗೆ ಟೇಪ್ ಹಚ್ಚಿ, ಇಲ್ಲದಿದ್ದರೆ ಅವು ಸಾರಿನ ಪುಡಿ ಡಬ್ಬಿಯಲ್ಲಿ ಸಿಗುತ್ತವೆ. ಬಾಗಿಲಿಗೆ ಎರಡು ಇಂಚು ಸಾಲದೆ ಹೋದರೆ ಬಾಗಿಲನ್ನೇ ಕೀಲಿನಿಂದ ಕಳಚಿ, ಐದು ನಿಮಿಷದ ಕೆಲಸ.

ಟ್ರಕ್ಕಿಗೆ ಕೊನೆಗೆ ಹಾಕುವ ಚೀಲದಲ್ಲಿ ಪಾಸ್‌ಪೋರ್ಟ್, ಐ-20 (ವಿದ್ಯಾರ್ಥಿ ವೀಸಾಗೆ ಯೂನಿವರ್ಸಿಟಿ ಕೊಡುವ ಕಾಗದ), ಲ್ಯಾಪ್‌ಟಾಪ್, ಒಂದು ಜೊತೆ ಬಟ್ಟೆ, ಟಾಯ್ಲೆಟ್ ಪೇಪರ್, ಒಂದು ಬಲ್ಬ್. ಚೀಲ ಟ್ರಕ್ಕಿಗೆ ಬೇಡ, ಬೆನ್ನಿಗೆ ಹಾಕಿಕೊಳ್ಳಿ ಇನ್ನೂ ಒಳ್ಳೇದು.

ಬಸವನಗುಡಿ_ಅಪ್ಪ

ನಮಸ್ಕಾರ. ನನ್ನ ಮಗಳು ಈ ಆಗಸ್ಟ್‌ನಲ್ಲಿ ಬರುತ್ತಿದ್ದಾಳೆ. ಇದನ್ನೆಲ್ಲ ಓದಿ ನಮ್ಮನೆಯವರು ಎರಡು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ಡೆಪಾಸಿಟ್ ಒಂದೇ ತಿಂಗಳು ಅಂತ ಓದಿ ಮಾತ್ರ ಆಶ್ಚರ್ಯವಾಯಿತು. ನಾವು ಬೆಂಗಳೂರಿನಲ್ಲಿ 10 ತಿಂಗಳು ಅಡ್ವಾನ್ಸ್ ಕೊಟ್ಟು, ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳದ್ದು ಮುರಿಸಿಕೊಂಡವರು. ಅಲ್ಲಿ ಪೇಂಟಿಂಗ್ ಹಿಡಿಯುವುದಿಲ್ಲವೇ? ಮತ್ತೆ, ಮಗಳು 20ನೇ ತಾರೀಕಿಗೇ ಬಂದರೆ ಸೆಪ್ಟೆಂಬರ್ 1ರವರೆಗೆ ಹೋಟೆಲ್ ಮಾಡುವುದೇ ಸರಿಯೇ? ಇನ್ನೂ ಮುಂಚೆ ಕಳಿಸೋಣ ಎಂದರೆ ನಮ್ಮನೆಯವರು ಬೇಡ ಅನ್ನುತ್ತಾರೆ.

ಬ್ರೈಟನ್_ಅಕ್ಕ

ನಮಸ್ಕಾರ ಸರ್. ಮೊದಲು ಅವರಿಗೆ ಊಟ ಮಾಡಲು ಹೇಳಿ. ಪ್ರತಿ ವರ್ಷ ಎಲ್ಲರೂ ಬರುತ್ತಾರೆ, ಎಲ್ಲರಿಗೂ ಎಲ್ಲೋ ಒಂದು ಕಡೆ ಜಾಗ ಸಿಗುತ್ತದೆ.

ಪೇಂಟಿಂಗ್ ಹಿಡಿಯುವ ಹಾಗಿಲ್ಲ. ಸಹಜವಾಗಿ ಇದ್ದು ಬಳಸಿ ಸವೆದದ್ದಕ್ಕೆ ಡೆಪಾಸಿಟ್ ಮುರಿಯುವಂತಿಲ್ಲ ಅಂತ ಕಾನೂನಿನಲ್ಲೇ ಇದೆ. ಹಾಳು ಮಾಡಿದ್ದಕ್ಕೆ ಮುರಿಯಬಹುದು. ಅದಕ್ಕೇ ಡೆಪಾಸಿಟ್ ತೆಗೆದುಕೊಂಡ ಓನರ್ ಮನೆ ಯಾವ ಸ್ಥಿತಿಯಲ್ಲಿದೆ ಅಂತ ಬರಹದಲ್ಲಿ ಒಂದು ಪಟ್ಟಿ ಕೊಡಬೇಕು, ಲೀಸ್ ಶುರುವಾದ 10 ದಿನದೊಳಗೆ. ಅದರಲ್ಲಿ ಬಿಟ್ಟುಹೋದದ್ದನ್ನು ಮಗಳು ಸೇರಿಸಿ 15 ದಿನದೊಳಗೆ ವಾಪಸ್ ಕೊಡಬೇಕು. ಈ ಎರಡನೇ ಭಾಗವನ್ನು ಯಾರೂ ಮಾಡುವುದಿಲ್ಲ. ಸಾಮಾನು ಇಳಿಸುವ ಮುಂಚೆ, ಖಾಲಿ ಮನೆಯಲ್ಲಿ ಪ್ರತಿ ಗೋಡೆ, ನೆಲ, ಫ್ರಿಜ್ ಒಳಗೆ, ಒಲೆ ಒಳಗೆ ವಿಡಿಯೋ ಮಾಡಿ ಅವತ್ತೇ ಓನರ್‌ಗೆ ಮೇಲ್ ಮಾಡಲು ಹೇಳಿ.

ಬರುವ ದಿನಾಂಕದ ಬಗ್ಗೆ, ಐ-20ಯಲ್ಲಿರುವ ಕೋರ್ಸ್ ಶುರುವಾಗುವ ದಿನಕ್ಕಿಂತ 30 ದಿನಕ್ಕೂ ಮುಂಚೆ ವಿದ್ಯಾರ್ಥಿ ವೀಸಾದಲ್ಲಿ ಒಳಗೆ ಬಿಡುವುದಿಲ್ಲ, ಅದು ನೆನಪಿರಲಿ. ಬೇಗ ಬಂದಷ್ಟೂ ತಾತ್ಕಾಲಿಕ ಜಾಗದ ಖರ್ಚು ಜಾಸ್ತಿ. ಆಗಸ್ಟ್ ತಿಂಗಳ ಸಬ್‌ಲೆಟ್ (ಬಾಡಿಗೆಗೆ ಇರುವವರೇ ಮತ್ತೊಬ್ಬರಿಗೆ ಬಾಡಿಗೆಗೆ ಕೊಡುವುದು) ಹುಡುಕಿ, ಬೇಸಿಗೆಗೆ ಇಂಟರ್ನ್‌ಶಿಪ್‌ಗೆ ಬೇರೆ ಊರಿಗೆ ಹೋದವರು ಕಡಿಮೆ ದುಡ್ಡಿಗೆ ಕೊಡುತ್ತಾರೆ. ಆದರೆ ಅದೂ 31ಕ್ಕೇ ಮುಗಿಯುತ್ತದೆ, ಆ ರಾತ್ರಿಗೆ ಒಂದು ಕಡೆ ಬೇರೆ ಹೇಳಿಟ್ಟಿರಲಿ. ಹೋಟೆಲ್ ಆ ವಾರ ಕೈಗೆಟುಕುವುದಿಲ್ಲ, ಮಕ್ಕಳನ್ನು ಬಿಡಲು ಅಪ್ಪ ಅಮ್ಮಂದಿರೆಲ್ಲ ಊರಿಗೇ ಬಂದಿರುತ್ತಾರೆ.

ಪುತ್ತೂರು_ಪೋರ

ಅಂಕಲ್, ಕುಕ್ಕರ್ ಕಳಿಸಬೇಡಿ, ಇಲ್ಲಿ ಸಿಗುತ್ತದೆ. ವಾಲ್ಥಮ್‌ನ ಮೂಡಿ ಸ್ಟ್ರೀಟ್‌ಗೆ ಹೋದರೆ ನಮ್ಮ ಸಾಮಾನಿನ ಅಂಗಡಿಗಳಿವೆ. 23 ಕೆಜಿಯ ಎರಡು ಪೆಟ್ಟಿಗೆಯಲ್ಲಿ ಜಾಗ ಚಳಿ ಬಟ್ಟೆಗೂ ಬೇಡ, ಅದನ್ನೂ ಇಲ್ಲೇ ಕೊಳ್ಳುವುದು ಒಳ್ಳೇದು. ಮನೆಯಲ್ಲಿ ಮಾಡಿದ ಪುಡಿಗಳು ಕಳಿಸಿ. ಜಾಸ್ತಿ ಕಳಿಸಿ.

ಬಸವನಗುಡಿ_ಅಪ್ಪ

ಪುಡಿ ಈಗಾಗಲೇ ನಾಲ್ಕು ಕೆಜಿ ಆಗಿದೆ. ಧನ್ಯವಾದ ಎಲ್ಲರಿಗೂ.

ಸ್ಪ್ರಿಂಗ್_ಸಿರಿ

ಒಂದು ಬೇರೆ ದಾರಿ ಯಾರೂ ಹೇಳಲಿಲ್ಲ. ನಾನು ಜನವರಿಯಲ್ಲಿ ಬಂದವಳು. ಚಳಿಯಲ್ಲಿ ಮನೆ ಕಡಿಮೆ, ಆದರೆ ಹುಡುಕುವವರೂ ಕಡಿಮೆ. ಬಾಡಿಗೆ ಇಳಿಸಿ ಅಂತ ಕೇಳಿದರೆ ಓನರ್ ಕಿವಿಗೊಡುತ್ತಾರೆ. ಲೀಸ್ ಬರೆಯುವಾಗ ಆಗಸ್ಟ್ 31 ಬೇಡ, ಮೇ 31 ಅಥವಾ ಜೂನ್ 30ಕ್ಕೆ ಮುಗಿಸಿ ಅಂತ ಹಟ ಹಿಡಿದೆ. ದೊಡ್ಡ ಕಂಪನಿಗಳು ಒಪ್ಪಲಿಲ್ಲ, ಕೆಳಗಿನ ಮಹಡಿಯಲ್ಲಿ ತಾವೇ ಇದ್ದು ಮೇಲಿನದನ್ನು ಬಾಡಿಗೆಗೆ ಕೊಡುವ ಒಬ್ಬ ಅಜ್ಜಿ ಒಪ್ಪಿದರು. ಈಗ ಸೆಪ್ಟೆಂಬರ್ 1ಕ್ಕೆ ನಾನು ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಾ ಕೆಳಗೆ ನೋಡುತ್ತೇನೆ. ಹೊಟ್ಟೆ ಉರಿಸಲು ಹೇಳುತ್ತಿಲ್ಲ, ಕೇಳಿ ನೋಡಿ ಅಂತ ಹೇಳುತ್ತಿದ್ದೇನೆ.

ಮಿಷನ್‌ಹಿಲ್_ಹಳಬ

ಹೊಟ್ಟೆ ಉರಿಯಿತು. ಆದರೆ ಎಲ್ಲರಿಗೂ ಅಂಥ ಅಜ್ಜಿ ಸಿಗಬೇಕಲ್ಲ. ಫಾಲ್‌ಗೆ ಬರುವವರ ಕೈಯಲ್ಲಿ ಆ ಆಯ್ಕೆ ಇಲ್ಲ. ಎರಡನೇ ವರ್ಷಕ್ಕೆ ಹೋಗುವವರು ಮಾತ್ರ ಇದನ್ನು ಖಂಡಿತ ಪ್ರಯತ್ನಿಸಿ. ಅದಕ್ಕಿಂತ ಸುಲಭದ್ದು ಇರುವ ಮನೆಯಲ್ಲೇ ಮುಂದುವರಿಯುವುದು. ಬಾಡಿಗೆ ಸ್ವಲ್ಪ ಏರಿಸುತ್ತಾರೆ ನಿಜ. ಟ್ರಕ್, ಪರ್ಮಿಟ್, ಹೊಸ ಡೆಪಾಸಿಟ್, ರಜೆ ಎಲ್ಲ ಕೂಡಿಸಿ ನೋಡಿ, ಆಮೇಲೆ ಜಾಸ್ತಿ ಅನ್ನಿ.

2025ರಲ್ಲಿ ಸೆಪ್ಟೆಂಬರ್ 1 ಸೋಮವಾರ, ಲೇಬರ್ ಡೇ ರಜೆ ಬೇರೆ, ಗಣೇಶನ ಹಬ್ಬ ಆಗಸ್ಟ್ 27ಕ್ಕೆ. ಅರ್ಧ ಪ್ಯಾಕ್ ಆದ ಮನೆಯಲ್ಲಿ ರಟ್ಟಿನ ಪೆಟ್ಟಿಗೆ ಮೇಲೆ ಗಣಪತಿ ಕೂರಿಸಿ ಕಡುಬು ಮಾಡಿದ್ದೆವು. ಪಾತ್ರೆ ಎಲ್ಲ ಕಟ್ಟಿಟ್ಟಿದ್ದರಿಂದ ಕಡುಬು ಬೇಯಿಸಿದ್ದು ರೈಸ್ ಕುಕ್ಕರ್‌ನಲ್ಲಿ.

ದಾವಣಗೆರೆ_ಬೆಣ್ಣೆ

ಅಪ್‌ಡೇಟ್ ಕೊಡುತ್ತೇನೆ. ಸೀನಿಯರ್‌ಗಳ ಮೂಲಕ ಮಿಷನ್ ಹಿಲ್‌ನಲ್ಲಿ ಒಂದು ಮನೆ ಸಿಕ್ಕಿತು, ನಾಲ್ಕು ಜನ, ಎರಡು ಬಾಗಿಲು ಇದೆ, ವಿಡಿಯೋದಲ್ಲಿ ನಲ್ಲಿಯನ್ನೂ ಬಿಡಿಸಿದೆ. ಮಾಲೀಕರ ಹೆಸರು ತಾಳೆ ಆಯಿತು. ಕೀ ಒಂದು ದಿನ ಮುಂಚೆ ಕೊಡಿ ಅಂತ ಕೇಳಿದೆ, ಹಿಂದಿನವರು 31ಕ್ಕೆ ಬಿಡುತ್ತಾರೆ, ಕ್ಲೀನಿಂಗ್ ಇದೆ, ಆಗಲ್ಲ ಅಂದರು. ಆದರೆ ಪೆಟ್ಟಿಗೆಗಳನ್ನು 31ರ ಸಂಜೆ ಹಿಂದಿನ ವರಾಂಡಾದಲ್ಲಿ ಇಡಬಹುದು ಅಂತ ಮೇಲ್ ಕಳಿಸಿದ್ದಾರೆ. ಸೀನಿಯರ್ ಮನೆ 31ಕ್ಕೆ ಖಾಲಿಯಾಗುತ್ತದೆ, ಹಾಗಾಗಿ ಆ ಒಂದು ರಾತ್ರಿ ಮಾತ್ರ ಇನ್ನೂ ಬಾಕಿ.

ಬ್ರೈಟನ್_ಅಕ್ಕ

ನಮ್ಮ ಮನೆಗೆ ಬಾ. ಲೀಸ್ ಮುಂದುವರಿಸಿದ್ದೇವೆ, ಹಾಲ್ ಖಾಲಿ ಇದೆ. ಈಗಾಗಲೇ ಇಬ್ಬರು ಬರುತ್ತೇನೆ ಅಂದಿದ್ದಾರೆ, ನಿನಗೂ ಜಾಗ ಆಗುತ್ತದೆ. ಬೆಡ್‌ಶೀಟ್ ನೀನೇ ತರಬೇಕು. ಬೀದಿಯಿಂದ ಏನಾದರೂ ಎತ್ತಿಕೊಂಡು ಬಂದರೆ ಬಾಗಿಲಲ್ಲೇ ತಡೆಯುತ್ತೇನೆ.

ಹುಬ್ಬಳ್ಳಿ_ಗಾಡಿ

1ನೇ ತಾರೀಕು ಬೆಳಿಗ್ಗೆ ಆರಕ್ಕೆ ಬ್ರೈಟನ್‌ನಿಂದ ಮಿಷನ್ ಹಿಲ್‌ಗೆ ಕಾರ್ಗೋ ವ್ಯಾನ್ ತರುತ್ತಿದ್ದೇನೆ. ಈ ಸಲ ಟ್ರಕ್ ಇಲ್ಲ, ತಗ್ಗು ವ್ಯಾನ್. ಇನ್ನೂ ನಾಲ್ಕು ಸೂಟ್‌ಕೇಸಿಗೆ ಜಾಗ ಇದೆ. ಬೇಕಾದವರು ಮೆಸೇಜ್ ಮಾಡಿ, ಪೆಟ್ರೋಲ್ ದುಡ್ಡು ಹಂಚಿಕೊಳ್ಳೋಣ. ಆರೂ ಕಾಲಿಗೆ ಬಂದವರಿಗೆ ಕಾಯುವುದಿಲ್ಲ.